ಕನ್ನಡ ಪದಕೋಶದ ಕರ್ತೃಗಳಾದ ರೆವರೆಂಡ್ ಫರ್ಡಿನಾಂಡ್ ಕಿಟೆಲರವರ ಚರಿತ್ರೆ

ನಮ್ಮ ಶಾಲೆಯಲ್ಲಿ ಓದಿ ಈಗ ನಾನಾ ಊರುಗಳಲ್ಲಿ ಗೃಹಿಣಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಇರುವ ಪುತ್ರಿಯರ ಕೈಗೂ, ಅವರ ತಾಯಿತಂದೆಗಳ ಕೈಗೂ ಸೇರತಕ್ಕ ಈ ಸಂಚಿಕೆಯಲ್ಲಿ ಮಹನೀಯರೊಬ್ಬರ ಜೀವನಚರಿತ್ರೆಯನ್ನು ಸೇರಿಸಬೇಕೆಂದು ನಾವು ಆಲೋಚಿಸಿದಾಗ, ರಾಜರ ಹೆಸರೂ ವೀರರ ಹೆಸರೂ ನಮ್ಮ ಮುಂದೆ ಬಂದವು. ಆದರೆ ತರಗತಿಯ ಬೀರುವಿನಲ್ಲಿರುವ ಒಂದು ದಪ್ಪ ಪುಸ್ತಕವನ್ನು ನಮ್ಮ ಮಕ್ಕಳು ವರ್ಷವರ್ಷವೂ ತೆರೆದು ಮುಚ್ಚುತ್ತಿದ್ದರೂ ಅದನ್ನು ಬರೆದವರು ಯಾರು, ಯಾವ ಕಷ್ಟದಲ್ಲಿ ಬರೆದರು ಎಂಬುದನ್ನು ಬಹುಮಂದಿ ಅರಿತಿಲ್ಲ. ಆದುದರಿಂದ ಕಿಟೆಲ್ ಸಾಹೇಬರ ಚರಿತ್ರೆಯನ್ನೇ ಆರಿಸಿಕೊಂಡೆವು.

ಫರ್ಡಿನಾಂಡ್ ಕಿಟೆಲರವರು 1832ನೆಯ ಇಸವಿ ಏಪ್ರಿಲ್ 7ನೆಯ ತಾರೀಖಿನಲ್ಲಿ ಜರ್ಮನಿ ದೇಶದ ವಾಯವ್ಯ ಮೂಲೆಯಲ್ಲಿ, ಉತ್ತರ ಸಮುದ್ರದ ಕರಾವಳಿಗೆ ಸಮೀಪವಾದ ಪೂರ್ವ ಫ್ರೀಸ್‌ಲೆಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಲೂಥರನ್ ಸಭೆಯ ಪಾದ್ರಿಗಳು. ವಿಶೇಷವೇನೆಂದರೆ, ಬಳ್ಳಾರಿಯಲ್ಲಿದ್ದ ಲಂಡನ್ ಮಿಶನಿನ ರೀವ್ ಎಂಬವರು ಮಾಡಿದ ಕನ್ನಡ ಇಂಗ್ಲಿಷ್ ಕೋಶವು ಮದರಾಸಿನಲ್ಲಿ ಅಚ್ಚಾಗಿ ಹೊರಬಿದ್ದುದೂ ಅದೇ 1832ರಲ್ಲಿ. ಆ ಕೋಶವನ್ನು ಮೀರಿಸತಕ್ಕವನು ಅದೇ ವರ್ಷ ಸಾವಿರಾರು ಮೈಲಿ ದೂರದಲ್ಲಿ ತೊಟ್ಟಿಲಲ್ಲಿದ್ದನು.

ಬಾಲಕ ಕಿಟೆಲನು ಔರಿಕ್ ಪಟ್ಟಣದ ವಿದ್ಯಾಶಾಲೆಯಲ್ಲಿ ಓದಿದನು. ಭಾಷೆಗಳೆಂದರೆ ಅವನಿಗೆ ಚಿಕ್ಕಂದಿನಿಂದಲೂ ಪ್ರೀತಿ. ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷುಗಳನ್ನು ಕಲಿತನು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿದ್ದ ಮಿಶನ್ ವಿದ್ಯಾಲಯವನ್ನು ಸೇರಿ, ಮೂರು ವರ್ಷಗಳ ತರುವಾಯ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, 1853ರಲ್ಲಿ ಹಿಂದೂಸ್ಥಾನಕ್ಕೆ ಬಂದಿಳಿದರು.

ಬಾಸೆಲ್ ಮಿಶನು 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿತ್ತು. 1841ರಲ್ಲಿ ಅಲ್ಲಿ ಅಚ್ಚುಕೂಟವೊಂದು ಸ್ಥಾಪಿತವಾಯಿತು. ಆ ಮಿಶನಿನ ಹೆರ್ಮನ್ ಮೋಗ್ಲಿಂಗ್ ಎಂಬ ವಿದ್ವಾಂಸರು 1843ರ ಜುಲೈ 1ರಂದು ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲನೆಯ ವೃತ್ತಪತ್ರಿಕೆಯನ್ನು ಹೊರಡಿಸಿದರು. ತಾಳೆಯೋಲೆಯಲ್ಲಿದ್ದ ಹಳೆಯ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಪ್ರಕಟಿಸಿದರು. ಹೀಗೆ ಕಿಟೆಲರು ಬರುವಷ್ಟರಲ್ಲಿ ಹೊಲವು ಉಳಲ್ಪಟ್ಟಿತ್ತು. ಮೋಗ್ಲಿಂಗ್ ಸಾಹೇಬರ ಉಪಕಾರವನ್ನು ಮರೆತು ಕಿಟೆಲರನ್ನು ಮಾತ್ರ ಹೊಗಳುವುದು ನ್ಯಾಯವಲ್ಲವೆಂದು ನಾವು ಎಣಿಸುತ್ತೇವೆ.

ತರುಣ ಕಿಟೆಲರಿಗೆ ಮೊದಲು ದೊರೆತ ಕ್ಷೇತ್ರವು ಧಾರವಾಡ ಹುಬ್ಬಳ್ಳಿಗಳ ಪ್ರಾಂತ. ಆ ಕಾಲದಲ್ಲಿ ಅಲ್ಲಿ ಕನ್ನಡದ ಸ್ಥಿತಿ ಹೇಗಿತ್ತೆಂಬುದನ್ನು ಹೇಳದೆ ಮುಂದೆ ಹೋಗಲಾಗದು. ಪೇಶ್ವೆಯರ ರಾಜ್ಯವು 1818ರಲ್ಲಿ ಅಳಿದ ಮೇಲೆ ಆ ಸೀಮೆಯು ಮುಂಬಯಿ ಇಲಾಖೆಗೆ ಸೇರಿತು. ಮನೆಯಲ್ಲಿ ಹೊಲದಲ್ಲಿ ಸಂತೆಯಲ್ಲಿ ಜನರಾಡುತ್ತಿದ್ದುದು ಕನ್ನಡ. ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ನಡೆಯುತ್ತಿದ್ದುದು ಮರಾಠಿ. ಸರಕಾರದ ಕಾಗದಗಳಲ್ಲಿ ಆ ನಾಡಿಗೆ ದಕ್ಷಿಣ ಮರಾಠಾ ಸೀಮೆಯೆಂದೇ ಹೆಸರು. ಕನ್ನಡ ಮಕ್ಕಳು ತಿಳಿಯದ ಮಾತಿನಲ್ಲಿ ಲೆಕ್ಕವನ್ನೂ ಓದನ್ನೂ ಕಲಿಯಬೇಕಾಗಿತ್ತು. 1860ರ ತರುವಾಯ ಡೆಪ್ಯುಟಿ ಚನ್ನಬಸಪ್ಪನವರೇ ಮೊದಲಾದವರು ಪ್ರಯಾಸಪಟ್ಟು ಅಲ್ಲಿಯ ಶಾಲೆಗಳಿಗೆ ಕನ್ನಡವನ್ನು ತಂದರು. ಕಿಟೆಲರು ಬಂದಾಗ ಆ ಕೆಲಸವಿನ್ನೂ ಬಲಗೊಂಡಿರಲಿಲ್ಲ. ಶಾಲೆಯವರೂ ಅಧಿಕಾರಿಗಳೂ ಕಡೆಗಣಿಸಿದ ಭಾಷೆಯನ್ನು ಅವರು ರೈತರ ಬಾಯಿಂದ ಕಲಿಯತೊಡಗಿದರು.

ಇಲ್ಲಿಯೇ ಅವರಿಗೆ ಮೊದಲನೆಯ ತೊಡಕು ಬಂದಿತು. ಸ್ವದೇಶದವರೊಡನೆ ಬಂಗಲೆಯಲ್ಲಿ ವಾಸಿಸುವುದಕ್ಕಿಂತ ಈ ದೇಶದ ಜನರೊಡನೆ ಅವರಂತೆಯೇ ಬಾಳಬೇಕೆಂಬುದು ಅವರ ಮನಸ್ಸು. ಹಳ್ಳಿಯಿಂದ ಹಳ್ಳಿಗೆ ತಿರುಗುವುದು, ಜನರ ನಡೆನುಡಿಗಳನ್ನು ವಿಚಾರಿಸುವುದು, ಹಳೆಯ ಪುಸ್ತಕಗಳನ್ನು ಪಂಡಿತರ ಬಳಿ ಕುಳಿತು ಓದುವುದು, ಇವುಗಳಲ್ಲಿ ಅವರ ಕಾಲ ಕಳೆಯುತ್ತಿತ್ತು. ಇದು ಬಾಸೆಲಿನಲ್ಲಿದ್ದ ಹಿರಿಯರಿಗೂ ಇಲ್ಲಿದ್ದ ಕೆಲವು ಜೊತೆಗಾರರಿಗೂ ಸರಿಬೀಳಲಿಲ್ಲ. ಮಿಶನರಿಯ ಕೆಲಸ ಉಪದೇಶವೇ ಹೊರತು ಪಾಂಡಿತ್ಯವಲ್ಲವೆಂಬುದು ಅವರ ಎಣಿಕೆ. ಉಪದೇಶಕನಾಗಿ ಕಿಟೆಲರಿಗೆ ಹೇಳಿಕೊಳ್ಳುವಂಥ ಫಲವೂ ಸಿಗಲಿಲ್ಲ. ಕೆಲವು ಕಾಲ ಅವರನ್ನು ನೀಲಗಿರಿಗೆ ಕಳುಹಿಸಿದರು. ತರುವಾಯ ಮಂಗಳೂರು, ಆಮೇಲೆ ಕೊಡಗಿನ ಮಡಿಕೇರಿ. ಕರೆದ ಕೆಲಸ ಒಂದು, ಕೈಗೆ ಹತ್ತಿದ ಕೆಲಸ ಇನ್ನೊಂದು ಎಂಬ ಸಂಕಟವು ಅವರನ್ನು ಬಹುಕಾಲ ಬಿಡಲಿಲ್ಲ. ದೊಡ್ಡವರ ಚರಿತ್ರೆಗಳಲ್ಲಿ ಇಂತಹ ಭಾಗವನ್ನು ಮರೆಮಾಡುವುದು ವಾಡಿಕೆಯಾದರೂ, ನಾವು ಮರೆಮಾಡುವುದಿಲ್ಲ. ಆ ಹಿರಿಯರೂ ದುರುದ್ದೇಶದವರಲ್ಲ. ಬಡವರು ಕೂಡಿಸಿ ಕೊಟ್ಟ ಕಾಸಿನಿಂದ ನಡೆಯುತ್ತಿದ್ದ ಸಂಸ್ಥೆಗೆ ಲೆಕ್ಕ ಒಪ್ಪಿಸಬೇಕಾದವರು.

1860ರಲ್ಲಿ ಅವರಿಗೆ ಪೌಲೀನ ಐಟ್ ಎಂಬ ಕನ್ಯೆಯೊಡನೆ ವಿವಾಹವಾಯಿತು. ಆ ಕಾಲದ ಬಾಸೆಲ್ ಮಿಶನಿನ ನಿಯಮವನ್ನು ಕೇಳಿದರೆ ನಮ್ಮ ಪುತ್ರಿಯರಿಗೆ ಆಶ್ಚರ್ಯವಾದೀತು. ಮಿಶನರಿಯು ಸಂಸ್ಥೆಯ ಅಪ್ಪಣೆಯಿಲ್ಲದೆ ಮದುವೆಯಾಗುವಂತಿರಲಿಲ್ಲ. ಅಪ್ಪಣೆ ದೊರೆತ ಮೇಲೆ ಎಷ್ಟೋ ಕನ್ಯೆಯರು ತಾವು ಸರಿಯಾಗಿ ಕಂಡರಿಯದ ವರನನ್ನು ಕೈಹಿಡಿಯುವುದಕ್ಕೆ ತಾಯ್ನಾಡನ್ನು ಬಿಟ್ಟು ತಿಂಗಳುಗಟ್ಟಲೆ ಹಡಗಿನಲ್ಲಿ ಪ್ರಯಾಣಮಾಡಿ ಬರುತ್ತಿದ್ದರು. ಬಂದವರಲ್ಲಿ ಹಲವರು ಈ ದೇಶದ ಜ್ವರಕ್ಕೂ ಹೆರಿಗೆಯ ಬೇನೆಗೂ ತುತ್ತಾದರು. ಹುಟ್ಟಿದ ಮಕ್ಕಳು ಸ್ವಲ್ಪ ದೊಡ್ಡವರಾದೊಡನೆ ವಿದ್ಯೆಗಾಗಿ ಬಾಸೆಲಿನ ಮಕ್ಕಳ ಮಂದಿರಕ್ಕೆ ಹೋಗಬೇಕು. ತಾಯಿಯು ಅವರನ್ನು ಮರಳಿ ಕಾಣುವುದು ವರ್ಷಗಳ ಮೇಲೆ. ಪೌಲೀನಮ್ಮನವರೂ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. 1867ರಲ್ಲಿ ಕಿಟೆಲರು ಆಕೆಯ ತಂಗಿಯಾದ ಯೂಲಿಯೆಯನ್ನು ಮದುವೆಯಾದರು. ಪದಕೋಶದ ಮುಖಪುಟದಲ್ಲಿ ಈ ಅಕ್ಕತಂಗಿಯರ ಹೆಸರಿಲ್ಲ. ಅಂಥ ಪುಸ್ತಕದ ಹಿಂದೆ ಮನೆಯನ್ನು ನಡೆಸಿದ ಕೈ ಇರುತ್ತದೆಂಬುದನ್ನು ನಮ್ಮ ಓದುಗರಾದ ತಾಯಂದಿರಿಗೆ ನಾವು ಹೇಳಿಕೊಡಬೇಕಾದ್ದಿಲ್ಲ.

ಕಿಟೆಲರ ಮೊದಲಿನ ಗ್ರಂಥಗಳಲ್ಲಿ 1862ರಲ್ಲಿ ಪ್ರಕಟವಾದ ಕಥಾಮಾಲೆಯನ್ನು ಹೆಸರಿಸಬೇಕು. ಯೇಸುಸ್ವಾಮಿಯ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿ ಕನ್ನಡ ಪದ್ಯವಾಗಿ ಅವರು ರಚಿಸಿದರು. ಪರದೇಶದಲ್ಲಿ ಹುಟ್ಟಿದವನು ಷಟ್ಪದಿಯ ಗಣಗಳನ್ನು ಹಿಡಿದು ಬರೆಯುವುದು ಸಾಮಾನ್ಯವಲ್ಲ. ಆ ಅಭ್ಯಾಸವೇ ಅವರನ್ನು ಹಳಗನ್ನಡದ ಕಡೆಗೆ ಎಳೆಯಿತೆಂದು ತೋರುತ್ತದೆ. ಕೇಶಿರಾಜನ ಶಬ್ದಮಣಿದರ್ಪಣವನ್ನು ಪರಿಷ್ಕರಿಸಿ 1872ರಲ್ಲಿಯೂ, ನಾಗವರ್ಮನ ಛಂದೋಂಬುಧಿಯನ್ನು ಕನ್ನಡ ಸಾಹಿತ್ಯದ ಚರಿತ್ರೆಯನ್ನು ಕುರಿತ ಒಂದು ಪೀಠಿಕೆಯೊಡನೆ 1875ರಲ್ಲಿಯೂ ಹೊರಡಿಸಿದರು. ಮಡಿಕೇರಿಯ ಮಳೆಚಳಿಗಳಲ್ಲಿ ಕುಳಿತು ಮುಂಬಯಿಯ ಇಂಡಿಯನ್ ಆಂಟಿಕ್ವೆರಿ ಎಂಬ ಸಂಶೋಧನ ಪತ್ರಿಕೆಗೆ ಲೇಖನಗಳನ್ನು ಕಳುಹಿಸುತ್ತಿದ್ದರು. ಸಂಸ್ಕೃತಕ್ಕೆ ದ್ರಾವಿಡ ಭಾಷೆಗಳಿಂದ ಹೋದ ಪದಗಳೂ ಉಂಟೆಂದು ಆಗಲೇ ವಾದಿಸಿದರು. ಎಲ್ಲ ಶಬ್ದವೂ ಸಂಸ್ಕೃತದಿಂದಲೇ ಇಳಿದು ಬಂದುದೆಂದು ನಂಬಿದ್ದ ಪಂಡಿತರಿಗೆ ಇದು ಹೊಸ ಮಾತು.

ಇನ್ನು ಪದಕೋಶದ ವಿಷಯ. ಕನ್ನಡದಲ್ಲಿ ಕೋಶಗಳು ಮೊದಲೇ ಇರಲಿಲ್ಲವೆಂದಲ್ಲ. ಮಂಗರಾಜನ ನಿಘಂಟು, ಲಿಂಗಮಂತ್ರಿಯ ಕಬ್ಬಿಗರ ಕೈಪಿಡಿ ಮುಂತಾದವುಗಳಿದ್ದುವು. ಆದರೆ ಅವು ಪದ್ಯರೂಪವಾದವು, ಕವಿಗಳಿಗಾಗಿ ಮಾಡಿದವು. ರೀವ್ ಸಾಹೇಬರ ಕೋಶವನ್ನು 1858ರಲ್ಲಿ ಸ್ಯಾಂಡರ್ಸನ್ ಎಂಬವರು ತಿದ್ದಿ ಮತ್ತೆ ಅಚ್ಚು ಹಾಕಿಸಿದ್ದರೂ ಅದರಲ್ಲಿ ಸಂಸ್ಕೃತ ಶಬ್ದಗಳದೇ ಮೇಲುಗೈ. ರೈತನ ಮಾತು, ಕುಂಬಾರನ ಮಾತು, ಅಡಿಗೆಮನೆಯ ಮಾತು ಬಹಳಮಟ್ಟಿಗೆ ಹೊರಗೇ ಉಳಿದಿದ್ದುವು. ಈ ಕೊರತೆಯನ್ನು ನೀಗತಕ್ಕ ಕೋಶವೊಂದು ಬೇಕೆಂಬ ಬಯಕೆ ಬಾಸೆಲ್ ಮಿಶನಿನವರಲ್ಲಿ ಹುಟ್ಟಿ, ಕಡೆಗೆ ಆ ಹೊರೆಯು ಕಿಟೆಲರ ಹೆಗಲಿಗೆ ಬಿದ್ದಿತು. ಪಾಂಡಿತ್ಯವು ಬೇಡವೆಂದು ಗದರಿಸಿಕೊಂಡಿದ್ದವರಿಗೆ ಪಾಂಡಿತ್ಯದ ಕೆಲಸವೇ ನೇಮಕವಾಯಿತು.

ಇಪ್ಪತ್ತು ವರ್ಷಗಳಿಗೂ ಮಿಕ್ಕಿ ನಡೆದ ಈ ಕೆಲಸದ ರೀತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ, ಏಕೆಂದರೆ ಅವರ ಚರಿತ್ರೆಯೆಂದರೆ ಬಹುತರವಾಗಿ ಇದೇ. ಅಂದು ಬೆರಳಚ್ಚಿನ ಯಂತ್ರವಾಗಲಿ ಇಂದಿನ ಗಣಕಯಂತ್ರವಾಗಲಿ ಅವರ ಬಳಿ ಇರಲಿಲ್ಲ. ಓಲೆಗರಿಯಲ್ಲಿ ಕಂಡ ಪದ, ಶಾಸನದಲ್ಲಿ ಕಂಡ ಪದ, ಬೀದಿಯಲ್ಲಿ ಕೇಳಿದ ಪದ, ಎಲ್ಲವನ್ನೂ ಕೈಯಲ್ಲೇ ಬರೆದು ಅಕ್ಷರಕ್ರಮಕ್ಕೆ ತರಬೇಕು. ಒಂದೊಂದು ಪದಕ್ಕೂ ಕನ್ನಡದ ರೂಪ, ರೋಮನ್ ಲಿಪಿಯಲ್ಲಿ ಉಚ್ಚಾರಣೆ, ಇಂಗ್ಲಿಷಿನಲ್ಲಿ ಅರ್ಥ, ತಮಿಳು ತೆಲುಗು ಮಲೆಯಾಳ ತುಳು ಭಾಷೆಗಳಲ್ಲಿ ಅದರ ನಂಟಿನ ಪದಗಳು, ಅದು ಬಂದಿರುವ ಕಾವ್ಯದ ಅಥವಾ ವ್ಯಾಕರಣದ ಹೆಸರಿನ ಗುರುತು, ಇಷ್ಟನ್ನೂ ಕೂಡಿಸಿದರು. ಜನರಾಡುವ ಗಾದೆಗಳನ್ನು ಸಹ ಬಿಡದೆ ಸೇರಿಸಿದರು. ಈ ಪದ ಮೈಸೂರು ಸೀಮೆಯದು, ಇದು ದಕ್ಷಿಣ ಮರಾಠಾ ಸೀಮೆಯದು ಎಂದು ಚಿಕ್ಕ ಅಕ್ಷರಗಳಲ್ಲಿ ಗುರುತಿಟ್ಟರು. ಹಳೇ ಮೈಸೂರಿಗೂ ಧಾರವಾಡದ ಪ್ರಾಂತಕ್ಕೂ ನಡುವಣ ಅಂಚಿನಲ್ಲಿರುವ ಹೊನ್ನಾಳಿ ಚನ್ನಗಿರಿಗಳ ಕಡೆಯ ನಮ್ಮಂಥವರಿಗೆ ಈ ಗುರುತುಗಳನ್ನು ನೋಡುವುದೇ ಒಂದು ವಿನೋದ. ನಮ್ಮ ಮನೆಗಳಲ್ಲಿ ಎರಡು ಕಡೆಯ ಮಾತೂ ಕೇಳಿಬರುತ್ತದೆ.

ನಮ್ಮ ಪ್ರಾಂತದಿಂದಲೇ ಒಂದೆರಡು ನಿದರ್ಶನಗಳನ್ನು ಕೊಡಬಹುದು. ಶಾಂತಿಸಾಗರದ ಕೆರೆಯ ನೀರಿನಿಂದ ಗದ್ದೆ ತೋಟಗಳನ್ನು ಮಾಡುವ ಮನೆತನಗಳಲ್ಲಿ ಏರಿ, ತೂಬು, ಕೋಡಿ ಎಂಬ ಪದಗಳನ್ನು ಅರಿಯದ ಮಗುವಿಲ್ಲ. ಕಾವ್ಯಪಂಡಿತನಿಗೆ ಇವು ಕ್ಷುದ್ರವಾದ ಮಾತುಗಳಾಗಿ ಕಂಡಿರಬಹುದು. ಕಿಟೆಲರಿಗೆ ಹಾಗೆ ಕಾಣಲಿಲ್ಲ; ಕವಿಗಳ ಪದಗಳಿಗೆ ಕೊಟ್ಟ ಪೀಠವನ್ನೇ ಇವುಗಳಿಗೂ ಕೊಟ್ಟರು. ಇನ್ನು ನಲ್ಲೂರು ಎಂಬ ನಮ್ಮ ಊರಿನ ಹೆಸರನ್ನೇ ನೋಡಿರಿ. ನಲ್ ಎಂದರೆ ಹಳೆಯ ಮಾತಿನಲ್ಲಿ ಒಳ್ಳೆಯದು, ಅಂದವಾದದ್ದು. ನಲ್ಲ, ನಲ್ಲೆ, ನಲ್ಮೆ ಎಂಬ ಪದಗಳಲ್ಲಿ ಅದು ಕಾವ್ಯಗಳಲ್ಲಿ ಬದುಕಿದೆ. ತಮಿಳರು ಅದನ್ನು ದಿನಬಳಕೆಯಲ್ಲಿಯೇ ಉಳಿಸಿಕೊಂಡಿದ್ದಾರೆ. ನಮ್ಮ ಮಾತಿನಲ್ಲಿ ಆ ಸ್ಥಳಕ್ಕೆ ಒಳ್ಳೆಯ ಎಂಬುದು ಬಂದು ಕುಳಿತಿದೆ. ಬಸ್ಸಿನ ಹಲಗೆಯ ಮೇಲೆ ನಲ್ಲೂರು ಎಂದು ಓದುವ ಹುಡುಗಿಗೆ ಆ ಹೆಸರನ್ನು ಬಿಡಿಸಿ ನೋಡುವ ಆಸೆ ಹುಟ್ಟಿದರೆ, ಅದಕ್ಕೆ ಬೇಕಾದ ಸಾಧನವನ್ನು ಕಿಟೆಲರು ಒದಗಿಸಿಟ್ಟಿದ್ದಾರೆ.

ಬಳಕೆಯಿಂದ ಬಿದ್ದುಹೋದ ಱ, ೞ ಎಂಬ ಅಕ್ಷರಗಳನ್ನು ಅವರು ಕೈಬಿಡಲಿಲ್ಲ. ನಾವು ಈಗ ಏಳು ಎಂದು ಬರೆಯುವ ಸಂಖ್ಯೆಯೂ ಬಾಳೆ ಎಂದು ಬರೆಯುವ ಗಿಡದ ಹೆಸರೂ ಹಿಂದೆ ೞಕಾರದಿಂದ ಕೂಡಿದ್ದುವು.  ಇಂತಹ ಭೇದಗಳನ್ನು ಪದಪದಕ್ಕೂ ಹುಡುಕಿ ಗುರುತಿಸಿದ್ದರಿಂದ ಮುಂದಿನ ವಿದ್ವಾಂಸರಿಗೆ ಎಷ್ಟೋ ಶ್ರಮ ಉಳಿಯಿತು. ಟಿ. ಬರೋ ಮತ್ತು ಎಂ. ಬಿ. ಎಮೆನೋ ಎಂಬ ಪಂಡಿತರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಪದಮೂಲಕೋಶದಲ್ಲಿ ಕನ್ನಡದ ಭಾಗಕ್ಕೆ ಕಿಟೆಲರ ಕೋಶವೇ ಮುಖ್ಯ ಆಧಾರ.

ಈ ಕೆಲಸ ಒಬ್ಬರದೇ ಅಲ್ಲ. ಊರೂರಿನ ಪಂಡಿತರು ಜೊತೆಗೆ ಕುಳಿತು ಹಳೆಯ ಗ್ರಂಥಗಳ ಅರ್ಥವನ್ನು ಬಿಡಿಸಿದರು. ಮಿಶನಿನ ಇತರ ಸಹೋದರರು ಪದಪಟ್ಟಿಗಳನ್ನೊದಗಿಸಿದರು. ಆದರೆ ಭಾರ ಹೊತ್ತವರು ಒಬ್ಬರೇ. 1877ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಿದರು. ಆಗ ಅವರಿಗೆ ನಾಲ್ವತ್ತೈದು ವರ್ಷ. ಅಲ್ಲಿಯೇ ನಿಂತು ಯಾವುದಾದರೊಂದು ಸಭೆಯಲ್ಲಿ ನೆಮ್ಮದಿಯಾಗಿ ಇದ್ದುಬಿಡಬಹುದಾಗಿತ್ತು. ಆದರೆ ಕನ್ನಡನಾಡಿನಿಂದ ದೂರವಾಗಿದ್ದು ಕನ್ನಡ ಕೋಶವನ್ನು ಮುಗಿಸುವುದು ಸಾಧ್ಯವಾಗಲಿಲ್ಲ. ಸಂಶಯ ಬಂದಾಗ ಕೇಳುವುದಕ್ಕೆ ಅಲ್ಲಿ ರೈತನಿಲ್ಲ, ಪಂಡಿತನಿಲ್ಲ. 1883ರಲ್ಲಿ ಮತ್ತೆ ಹಡಗನ್ನೇರಿ ಬಂದರು. ಐವತ್ತು ದಾಟಿದ ಮೇಲೆ ಒಂದು ಪುಸ್ತಕಕ್ಕಾಗಿ ಸಮುದ್ರವನ್ನು ಮತ್ತೊಮ್ಮೆ ದಾಟಿದವರು ನಮಗೆ ತಿಳಿದಮಟ್ಟಿಗೆ ಬಹಳ ಮಂದಿ ಇಲ್ಲ. ಮತ್ತೆ ಒಂಬತ್ತು ವರ್ಷ ದುಡಿದು, ದೇಹಸ್ಥಿತಿ ಕೆಟ್ಟು, 1892ರಲ್ಲಿ ಕನ್ನಡನಾಡನ್ನು ಕೊನೆಯ ಬಾರಿಗೆ ಬಿಟ್ಟು ಜರ್ಮನಿಯ ಟ್ಯೂಬಿಂಗೆನ್ ಪಟ್ಟಣಕ್ಕೆ ಹೋದರು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಕನ್ನಡ ಇಂಗ್ಲಿಷ್ ಕೋಶವು ಹೊರಬಿದ್ದಿತು. ಪುಟಗಳು 1,752, ಪದಗಳು ಸುಮಾರು 70,000. ಕನ್ನಡದ ಒತ್ತಕ್ಷರ, ರೋಮನ್ ಅಕ್ಷರ, ದಪ್ಪಚ್ಚು, ಸಣ್ಣಚ್ಚು ಎಲ್ಲವೂ ಒಂದೇ ಸಾಲಿನಲ್ಲಿ ಬರಬೇಕಾದ ಇಂಥ ಪುಸ್ತಕಕ್ಕೆ ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿದ ಮಂಗಳೂರಿನ ಕೆಲಸಗಾರರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲವೆಂಬುದು ನಮಗೆ ವ್ಯಸನ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಕಿಟೆಲರಿಗೆ ಡಾಕ್ಟರ್ ಪದವಿಯನ್ನು ಗೌರವಾರ್ಥವಾಗಿ ನೀಡಿತು. 1899ರಲ್ಲಿ ಬುಖರ್ ಎಂಬವರು ಈ ದೊಡ್ಡ ಕೋಶವನ್ನಾಧರಿಸಿ ಶಾಲೆಗಳ ಉಪಯೋಗಕ್ಕೆಂದು ಒಂದು ಚಿಕ್ಕ ಕೋಶವನ್ನು ಸಿದ್ಧಪಡಿಸಿದರು.

ಗುಣವನ್ನು ಹೇಳಿದಂತೆ ಕೊರತೆಯನ್ನೂ ಹೇಳಬೇಕು. ಪಂಪನ ಭಾರತವೂ ಕವಿರಾಜಮಾರ್ಗವೂ ಅಚ್ಚಾಗಿ ಬೆಳಕಿಗೆ ಬಂದುದು 1898ರಲ್ಲಿ, ಅಂದರೆ ಕೋಶವು ಮುಗಿದ ನಾಲ್ಕು ವರ್ಷಗಳ ಮೇಲೆ. ಕನ್ನಡದ ಅತಿ ಪ್ರಾಚೀನ ಗ್ರಂಥಗಳ ಪದಸಂಪತ್ತು ಆದುದರಿಂದ ಅವರ ಕೈಗೆ ಪೂರ್ತಿಯಾಗಿ ಸಿಗಲಿಲ್ಲ. ಅವರು ಊಹಿಸಿದ ಪದಮೂಲಗಳಲ್ಲಿ ಕೆಲವನ್ನು ಈಚಿನವರು ಒಪ್ಪುವುದಿಲ್ಲ. ಅರ್ಥಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಕನ್ನಡವೊಂದನ್ನೇ ಬಲ್ಲವರಿಗೆ ಕೋಶದ ಬಾಗಿಲು ಅರ್ಧವಷ್ಟೇ ತೆರೆದಿತ್ತು. ಆ ಉಳಿದ ಅರ್ಧವನ್ನು ತೆರೆದವರು 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನವರು. ಅವರ ಕನ್ನಡ ಕನ್ನಡ ನಿಘಂಟಿನ ಎಂಟು ಸಂಪುಟಗಳು 1970ರಿಂದ 1995ರವರೆಗೆ ಪ್ರಕಟವಾದುವು. ಒಂದು ದೊಡ್ಡ ಸಂಸ್ಥೆ, ಹಲವು ವಿದ್ವಾಂಸರು, ಇಷ್ಟು ವರ್ಷಗಳು! ಒಬ್ಬ ಮನುಷ್ಯನು ಮಾಡಿದ ಕೆಲಸದ ತೂಕ ಇದರಿಂದ ತಿಳಿಯುತ್ತದೆ.

ಪದಗಳನ್ನು ಹೀಗೆ ಕೂಡಿಡುವುದರಿಂದ ಆಗುವ ಪ್ರಯೋಜನವೇನೆಂದು ಕೇಳುವ ತಂದೆಗಳು ನಮ್ಮಲ್ಲಿ ಇಲ್ಲದಿಲ್ಲ. ಅಂಥವರಿಗಾಗಿ ಶಾಂತಸಾಗರದ ನಡುವಣ ಹವಾಯಿ ದ್ವೀಪಗಳ ಸಂಗತಿಯನ್ನು ತಿಳಿಸುತ್ತೇವೆ. ಅಲ್ಲಿಗೆ ಅಮೆರಿಕದ ಮಿಶನರಿಗಳು 1820ರಲ್ಲಿ ಹೋಗಿ, ಬರೆಹವಿಲ್ಲದ ಆ ನಾಡಿನ ಭಾಷೆಗೆ ಲಿಪಿಯನ್ನೂ ಎರಡು ವರ್ಷಗಳಲ್ಲಿ ಅಚ್ಚನ್ನೂ ಒದಗಿಸಿದರು. ನಮ್ಮ ಮಂಗಳೂರಿನ ಪತ್ರಿಕೆಗಿಂತ ಒಂಬತ್ತು ವರ್ಷ ಮುಂಚೆಯೇ, 1834ರಲ್ಲಿ, ಅಲ್ಲಿಯ ಶಾಲೆಯೊಂದರಿಂದ ಆ ಭಾಷೆಯ ಪತ್ರಿಕೆ ಹೊರಟಿತು. ಲೋರಿನ್ ಆಂಡ್ರೂಸ್ ಎಂಬ ಮಿಶನರಿಯ ಕೋಶವು 1865ರಲ್ಲಿ ಪ್ರಕಟವಾಯಿತು. ಆದರೆ ರಾಣಿಯ ರಾಜ್ಯವು ಉರುಳಿದ ಮೇಲೆ, 1896ರ ಕಾನೂನಿನಂತೆ ಶಾಲೆಗಳಲ್ಲಿ ಇಂಗ್ಲಿಷೇ ಬೋಧನೆಯ ಭಾಷೆಯಾಯಿತು. ತಾಯಿನುಡಿಯನ್ನಾಡಿದ ಮಕ್ಕಳು ಶಿಕ್ಷೆಗೆ ಗುರಿಯಾದರು. ನೂರು ವರ್ಷ ತುಂಬುವುದರೊಳಗೆ, ಅಂದರೆ 1980ರ ಬಳಿಕ ಎಣಿಸಿ ನೋಡುವಾಗ, ಆ ಭಾಷೆಯನ್ನಾಡುವ ಮಕ್ಕಳು ಐವತ್ತಕ್ಕಿಂತಲೂ ಕಡಿಮೆ. 1978ರಲ್ಲಿ ಅದನ್ನು ಅಧಿಕೃತ ಭಾಷೆಯೆಂದು ಒಪ್ಪಿದರು. 1984ರಲ್ಲಿ ಶಿಶುಗಳಿಗೆ ಆ ಭಾಷೆಯಲ್ಲಿಯೇ ಪಾಠ ಹೇಳುವ ಶಾಲೆಗಳು ಹುಟ್ಟಿದುವು. ಮನೆಗಳಲ್ಲಿ ಅಜ್ಜಿಯರ ಬಾಯಿ ನಿಂತುಹೋಗುತ್ತಿದ್ದಾಗ ಆ ಶಿಕ್ಷಕಿಯರು ಪದಗಳಿಗಾಗಿ ತಿರುಗಿದ್ದು ಹಳೆಯ ಕೋಶಗಳ ಕಡೆಗೂ ಹಳೆಯ ಪತ್ರಿಕೆಗಳ ಕಡೆಗೂ. ಅವು ಇರದಿದ್ದರೆ ಮಕ್ಕಳಿಗೆ ಕಲಿಸುವುದಕ್ಕೆ ಏನು ಉಳಿಯುತ್ತಿತ್ತು? ಕೋಟಿಗಟ್ಟಲೆ ಜನರಾಡುವ ಕನ್ನಡಕ್ಕೆ ಅಂಥ ದುಃಸ್ಥಿತಿ ಬಂದಿಲ್ಲ. ಆದರೂ ಸಾಣಿಗೆ, ಒರಳು, ಕಣಜಗಳು ಮನೆಯಿಂದ ಹೋದೊಡನೆ ಅವುಗಳ ಸುತ್ತಣ ಹತ್ತಾರು ಪದಗಳೂ ಹೋಗುತ್ತಿರುವುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು.

ಕಿಟೆಲರು ಟ್ಯೂಬಿಂಗೆನ್ನಿನಲ್ಲಿ ವಿಶ್ರಾಂತಿಯಿಂದ ಕೂಡಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ವಿವರಿಸುವ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆಯತೊಡಗಿದರು. ಕೇಶಿರಾಜನ ಸೂತ್ರಗಳನ್ನು ಆಧಾರವಾಗಿಟ್ಟುಕೊಂಡು, ಒಂದೊಂದು ಪ್ರತ್ಯಯವೂ ಕಾಲಕಾಲಕ್ಕೆ ಹೇಗೆ ಮಾರ್ಪಟ್ಟಿತೆಂಬುದನ್ನು ಅದರಲ್ಲಿ ತೋರಿಸಿದರು. ಕನ್ನಡವನ್ನು ಕೇಳುವುದಕ್ಕೆ ಅಲ್ಲಿ ಕಿವಿಗೆ ಅವಕಾಶವಿರಲಿಲ್ಲ; ನೆನಪೂ ಟಿಪ್ಪಣಿಗಳೂ ಮಾತ್ರ. ಆ ವ್ಯಾಕರಣವು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ, ಕ್ರಿಸ್ತಜಯಂತಿಗೆ ಕೆಲವು ದಿನಗಳಿರುವಾಗ, ತಮ್ಮ ಎಪ್ಪತ್ತೆರಡನೆಯ ವರ್ಷದಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ದೈವಾಧೀನರಾದರು.

ಅವರ ಹೆಸರಿನ ಕಾಲೇಜು ಧಾರವಾಡದಲ್ಲಿದೆ. ಬೆಂಗಳೂರಿನಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಕೋಶವನ್ನು ಮರಿಯಪ್ಪ ಭಟ್ಟರು ತಿದ್ದಿ ಬೆಳೆಸಿದ್ದು, ಮದರಾಸು ವಿಶ್ವವಿದ್ಯಾಲಯವು ಅದನ್ನು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಾಗಿ ಹೊರತಂದಿತು. 1894ರ ಮೂಲ ಪುಸ್ತಕವೂ ಮತ್ತೆ ಮತ್ತೆ ಅಚ್ಚಾಗಿ, ಈಗ ಗಣಕಯಂತ್ರದಲ್ಲಿಯೂ ಪುಟಪುಟವಾಗಿ ನೋಡುವುದಕ್ಕೆ ದೊರೆಯುತ್ತದೆ.